ಬೆಳ್ಳಿ ರೇಕಿನ ಕಿವಿ

ಹಿತ್ತಾಳೆಯದೊಂದು ಬಿಲ್ಲೆ. ಅದರೆದುರು ಬಿಗಿಯಾಗಿ ಎಳೆದು ಕಟ್ಟಿದ ಒಂದು ತೆಳು ಹಾಳೆ. ಎರಡರ ನಡುವೆ ತಲೆಗೂದಲು ತೂರಲಾರದಷ್ಟು ಸಂದು. ಕಂಡೆನ್ಸರ್ ಮೈಕಿನ ಹೊಟ್ಟೆಯೊಳಗೆ ಇರುವುದು ಇಷ್ಟೇ. ಇಷ್ಟನ್ನು ಅರವತ್ತರ ದಶಕದ ಆರಂಭದಲ್ಲಿ, ದಾವಣಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾವೇ ಮಾಡಿದೆವು ಎಂದರೆ ಇವತ್ತಿಗೂ ಕೆಲವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ನಕ್ಕವರಲ್ಲಿ ಒಬ್ಬರೂ ಆ ಹಾಳೆಯನ್ನು ಬೆರಳಲ್ಲಿ ಹಿಡಿದು ನೋಡಿದವರಲ್ಲ. ಹಿಡಿದಿದ್ದರೆ ಅವರಿಗೂ ನನ್ನ ಹಾಗೆ ಹುಚ್ಚು ಹಿಡಿಯುತ್ತಿತ್ತು.

ಹಳೇಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಗಂಡನ ಅಂಗಡಿ. ರೇಡಿಯೋ ರಿಪೇರಿ, ಜೊತೆಗೆ ಮದುವೆಗೆ, ನಾಟಕಕ್ಕೆ, ಭಾಷಣಕ್ಕೆ ಮೈಕ್ ಸೆಟ್ಟು. ನನ್ನನ್ನು ಮದುವೆಯಾಗುವ ಮೊದಲು ಅವರು ಬೊಂಬಾಯಿಯ ಒಂದು ರೆಕಾರ್ಡಿಂಗ್ ಸ್ಟುಡಿಯೋದ ರಿಪೇರಿ ಕೋಣೆಯಲ್ಲಿ ಕೆಲಸ ಮಾಡಿ ಬಂದವರು. ಊಟಕ್ಕೆ ಕೂತರೆ ಬೊಂಬಾಯಿ, ಎಲೆ ಅಡಿಕೆ ಹಾಕಿಕೊಂಡರೆ ಬೊಂಬಾಯಿ. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರಿಗೆ ತಾಳ್ಮೆ ಎಷ್ಟಿತ್ತೆಂದರೆ ಅದನ್ನು ನೋಡಿಯೇ ನನಗೆ ಇನ್ನಷ್ಟು ಕೋಪ ಬರುತ್ತಿತ್ತು. ಮನೆಯಲ್ಲಿ ಇನ್ನೊಬ್ಬರೆಂದರೆ ನನ್ನ ಅತ್ತೆ. ಆನಗೋಡಿನ ಕಡೆಯವರು, ಬೆಳಗಾಗೆದ್ದು ಲಿಂಗಪೂಜೆ ಮುಗಿಸದೆ ತೊಟ್ಟು ನೀರು ಕುಡಿಯದವರು. ಮನೆಗೆ ಹೊಸ ವಸ್ತು ಏನೇ ಬರಲಿ, ಮೂರು ಬೆರಳಿನಿಂದ ಅದಕ್ಕೆ ವಿಭೂತಿ ಎಳೆಯದೆ ಬಳಸಲು ಬಿಡುತ್ತಿರಲಿಲ್ಲ. ಹೊಲಿಗೆ ಮಿಷನ್ನು, ಸೈಕಲ್ಲು, ಸೀಮೆಎಣ್ಣೆ ಸ್ಟೋವು, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಪ್ರತಿಯೊಂದಕ್ಕೂ ಒಂದು ಹಣೆ ಇದ್ದೇ ಇರುತ್ತದೆ ಎಂದು ಅವರ ನಂಬಿಕೆ.

ನನ್ನ ತವರು ಹರಿಹರದ ಹತ್ತಿರದ ಸಾರಥಿ ಎಂಬ ಊರು. ತಮ್ಮನಿಗೆ ಹರಿಹರದ ಯಂತ್ರ ಕಾರ್ಖಾನೆಯಲ್ಲಿ ಟರ್ನರ್ ಕೆಲಸ ಸಿಕ್ಕ ಮೇಲೆ ಅವ್ವ ಮತ್ತು ಅವನು ಹರಿಹರದಲ್ಲೇ ಮನೆ ಮಾಡಿದ್ದರು. ಅಲ್ಲಿ ಹೊಳೆಯ ಹತ್ತಿರದ ಒಂದು ಮಠದಲ್ಲಿ ಶ್ರಾವಣ ಸೋಮವಾರದ ಸಂಜೆ ಹಾಡಿನ ಕೂಟ ನಡೆಯುತ್ತಿತ್ತು. ದೀಪ ಹಚ್ಚಿದ ಕೂಡಲೇ ಹಾಡಬೇಕಾದ ಮೊದಲ ಪದ ಅವ್ವನದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಆ ಜಾಗದಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅವ್ವನಿಗೆ ಓದು ಬರಹ ಇರಲಿಲ್ಲ, ಒಡವೆ ಇರಲಿಲ್ಲ, ಗಂಡನೂ ಇರಲಿಲ್ಲ. ಇದ್ದದ್ದು ಆ ಮೊದಲ ಪದ. ಅದಕ್ಕಾಗಿ ಆಷಾಢ ಪೂರ್ತಿ ಬೀಸುವ ಕಲ್ಲಿನ ಮುಂದೆ ಕೂತು ಗುನುಗುತ್ತಿದ್ದಳು.

ಆಮೇಲೆ ವಿಷಮಶೀತ ಜ್ವರ ಬಂತು. ಅವ್ವ ಉಳಿದಳು, ಗಂಟಲು ಉಳಿಯಲಿಲ್ಲ. ರಾಗ ಒಂದಿಷ್ಟೂ ಕೆಟ್ಟಿರಲಿಲ್ಲ. ಆದರೆ ದನಿ ಮಾತ್ರ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಷ್ಟು ಸಣ್ಣದಾಯಿತು. ಆ ವರ್ಷದ ಶ್ರಾವಣಕ್ಕೆ ನನ್ನ ಗಂಡನೇ ತಮ್ಮ ಸೆಟ್ಟು ಒಯ್ದು, ಅವ್ವನ ಬಾಯಿಗೆ ಕ್ರಿಸ್ಟಲ್ ಮೈಕು ಹಿಡಿದರು. ಆ ಮೈಕಿನೊಳಗೆ ಇರುವುದು ಒಂದು ಬಗೆಯ ಉಪ್ಪಿನ ಹರಳು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಬೆವರಿದಂತೆ ಅದೂ ಬೆವರುತ್ತದೆ, ಮೊದಲೇ ಮಂದಗಿವಿ, ಇನ್ನೂ ಮಂದವಾಗುತ್ತದೆ. ದನಿ ಏರಿಸಲು ಹೋದರೆ ಹಾರ್ನು ಸಿಳ್ಳೆ ಹೊಡೆಯಿತು. ಹಿಂದಿನ ಸಾಲಿನಿಂದ ಒಬ್ಬ ಗಂಡಸು "ಜೋರಾಗಿ, ಜೋರಾಗಿ" ಎಂದು ಕೂಗಿದ. ಅವ್ವ ಜೋರು ಮಾಡಲು ನೋಡಿದಳು. ಗಂಟಲು ಒಡೆಯಿತು. ಪದದ ನಡುವೆಯೇ ಎದ್ದು ಬಂದು ಹೆಂಗಸರ ಸಾಲಿನಲ್ಲಿ ಕೂತುಬಿಟ್ಟಳು.

ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟು. "ಕೂಗಿದ್ರ ಅದು ಹಾಡಲ್ಲ ಮಗಳೇ. ಬರೋ ವರ್ಷ ಒಂದು ಸಲ ಕೂಡ್ತೀನಿ. ಆಗ್ಲೂ ಕೇಳಿಸ್ಲಿಲ್ಲ ಅಂದ್ರ ಆ ಜಾಗ ಬ್ಯಾರೇರಿಗೆ ಬಿಡ್ತೀನಿ. ಆಮ್ಯಾಲೆ ನನ್ನ ಹಾಡು ಅಂತ ಕರೀಬ್ಯಾಡ್ರಿ."

ಹರಿಹರದಿಂದ ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಗಂಡನ ಮೇಲೆ ಹರಿಹಾಯ್ದೆ. ಅವರ ತಪ್ಪು ಏನೂ ಇರಲಿಲ್ಲ, ಆದರೆ ಪಕ್ಕದಲ್ಲಿ ಸಿಕ್ಕವರು ಅವರೊಬ್ಬರೇ.

"ರೀ, ಊರಿಗೆಲ್ಲ ಮೈಕು ಹಾಕ್ತೀರಿ. ಕೂಗದೇ ಹಾಡಿದ್ದನ್ನ ಕೇಳಿಸ್ಕೊಳ್ಳೋ ಮೈಕು ಈ ಲೋಕದಾಗೇ ಇಲ್ಲೇನ್ರಿ?"

"ಐತೆ," ಎಂದರು, ನಿಧಾನಕ್ಕೆ. "ಬೊಂಬಾಯಾಗ ಐತೆ."

"ಮತ್ತ ಬೊಂಬಾಯಿ!"

"ಕೇಳು ಇಲ್ಲಿ. ಕಂಡೆನ್ಸರ್ ಮೈಕು ಅಂತ. ಒಂದು ಬಿಚ್ಚಿ ಟೇಬಲ್ ಮ್ಯಾಲೆ ಇಟ್ಟಿದ್ರು, ಕಣ್ಣಾರೆ ನೋಡೀನಿ. ಹಾಡೋರು ಬಾಯಿ ತೆಗೆಯೋಕ ಮೊದ್ಲು ಎಳ್ಕೊಂಡ ಉಸುರು ಸೈತ ಕೇಳ್ತಿತ್ತು."

"ಹಂಗಾದ್ರ ಮಾಡ್ರಿ."

"ಏನು ಮಾಡ್ರಿ? ಅದು ಜರ್ಮನಿ ಮಾಲು."

"ಜರ್ಮನಿಯೋರು ಅದನ್ನ ಕೈಯಾಗೇ ಮಾಡ್ತಾರ, ಕಾಲಾಗಲ್ಲ. ಮಾಡ್ರಿ."

ಮಾರನೆಯ ದಿನ ಊಟದ ಹೊತ್ತಿಗೆ ಅವರು ಎರಡು ತಟ್ಟೆ ಎದುರುಬದುರು ಹಿಡಿದು ನನಗೆ ಪಾಠ ಮಾಡಿದರು. ಒಂದು ತಟ್ಟೆ ಗಟ್ಟಿ, ಅಲುಗುವುದಿಲ್ಲ. ಇನ್ನೊಂದು ತೆಳು, ಗಾಳಿ ಬಡಿದರೆ ನಡುಗುತ್ತದೆ. ಎರಡರ ನಡುವೆ ಕರೆಂಟು ತುಂಬಿಟ್ಟರೆ ಅದು ಹರಿದುಹೋಗದೆ ಅಲ್ಲೇ ಕೂತಿರುತ್ತದೆ. ಮಾತಿನ ಗಾಳಿಗೆ ತೆಳು ತಟ್ಟೆ ಹತ್ತಿರ ಬಂದಾಗ ಒಂದು ಥರ, ದೂರ ಹೋದಾಗ ಒಂದು ಥರ ಆ ಕರೆಂಟು ಒಳಗೇ ಮಿಸುಕುತ್ತದೆ. ಆ ಮಿಸುಕಾಟವೇ ದನಿ. ಅದು ಎಷ್ಟು ಬಡಕಲೆಂದರೆ ತಂತಿಯಲ್ಲಿ ಸ್ವಲ್ಪ ದೂರ ಹೋದರೂ ಸತ್ತುಹೋಗುತ್ತದೆ, ಆದ್ದರಿಂದ ಬಿಲ್ಲೆಯ ಬೆನ್ನಿಗೇ ಒಂದು ಸಣ್ಣ ವಾಲ್ವು ಕೂರಿಸಿ ಅಲ್ಲಿಂದಲ್ಲೇ ಅದಕ್ಕೆ ಶಕ್ತಿ ಕೊಡಬೇಕು. ವಾಲ್ವು, ಕರೆಂಟು ಅವರ ಕೈಯಲ್ಲಿತ್ತು. ತಟ್ಟೆಗಳು ಯಾರ ಕೈಯಲ್ಲೂ ಇರಲಿಲ್ಲ.

ಗಟ್ಟಿ ತಟ್ಟೆಯನ್ನು ತಮ್ಮನಿಗೆ ವಹಿಸಿದೆವು. ಅವನು ರಜೆಯ ದಿನ ಹರಿಹರ ಪೇಟೆಯ ಗೆಳೆಯನೊಬ್ಬನ ಲೇತಿನಲ್ಲಿ ಹಿತ್ತಾಳೆ ಸರಳು ಕಚ್ಚಿಸಿ, ದೊಡ್ಡ ನಾಣ್ಯದಷ್ಟು ಬಿಲ್ಲೆ ಕಡಿದುಕೊಟ್ಟ. ಕಡಿಯುವುದು ಸುಲಭ, ಸಮ ಮಾಡುವುದು ಕಷ್ಟ. ಗಾಜಿನ ಮೇಲೆ ನುಣುಪು ಪುಡಿ, ಎಣ್ಣೆ ಸುರಿದು, ಬಿಲ್ಲೆಯನ್ನು ಎಂಟರ ಆಕಾರದಲ್ಲಿ ಉಜ್ಜಬೇಕು. ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು, ಮತ್ತೆ ಉಜ್ಜಬೇಕು. ಆಮೇಲೆ ಅದರ ಮೈತುಂಬ ಸಣ್ಣ ಸಣ್ಣ ತೂತು. ಕೆಲವು ಆರಪಾರ, ಕೆಲವು ಅರ್ಧಕ್ಕೆ ನಿಲ್ಲುವಂಥವು. ಯಾಕೆಂದರೆ ಹಾಳೆ ಹಿಂದಕ್ಕೆ ಬಾಗಿದಾಗ ನಡುವಿನ ಗಾಳಿಗೆ ಹೋಗಲು ದಾರಿ ಬೇಕು. ದಾರಿ ಕಡಿಮೆಯಾದರೆ ದನಿ ಗಡಿಗೆಯೊಳಗಿಂದ ಬಂದ ಹಾಗಿರುತ್ತದೆ, ಹೆಚ್ಚಾದರೆ ಹಾಳೆ ಹಿಡಿತವಿಲ್ಲದೆ ಕುಣಿಯುತ್ತದೆ.

"ಇದೇನಕ್ಕ, ಜಾಲರಿ ಮಾಡಾಕ ಹೇಳಿದ್ಯೋ, ಬಿಲ್ಲೆ ಮಾಡಾಕ ಹೇಳಿದ್ಯೋ?" ಎಂದು ಅವನು ರೇಗಿಸಿದ.

"ಹೇಳಿದ್ದು ಮಾಡು. ಅವ್ವ ಹಾಡೋದು ನಿನಗ ಬ್ಯಾಡೇನು?"

ಅವನು ಮತ್ತೆ ಬಿಲ್ಲೆಗೆ ಬೈರಿಗೆ ಹಚ್ಚಿದ. ಅವ್ವ ಬೀಸುವ ಕಲ್ಲಿನ ಮುಂದೆಯೂ ಗುನುಗುವುದನ್ನು ಬಿಟ್ಟಿದ್ದಾಳೆ ಎಂದು ನನಗೆ ಮೊದಲು ಹೇಳಿದ್ದೇ ಅವನು.

ಬಿಲ್ಲೆಗೂ ಹಾಳೆಗೂ ನಡುವೆ ಸಂದು ಉಳಿಸಲು ಒಂದು ಬಳೆ ಬೇಕು. ಕರೆಂಟು ದಾಟಿಸದ್ದು, ಮಳೆಗಾಲಕ್ಕೆ ಉಬ್ಬದ್ದು, ಕೂದಲಿಗಿಂತ ತೆಳ್ಳಗಿರುವಂಥದ್ದು. ಅದು ನಮ್ಮ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯಲ್ಲೇ ಇತ್ತು. ಕಾಯುವ ಸುರುಳಿಯನ್ನು ಸುತ್ತಿಟ್ಟಿದ್ದ ಅಭ್ರಕ! ಅಭ್ರಕದ ಅಂಚಿಗೆ ಸೂಜಿ ಚುಚ್ಚಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಒಂದು ಪದರದಿಂದ ಇನ್ನೊಂದು, ಅದರಿಂದ ಮತ್ತೊಂದು, ಕೊನೆಗೆ ಉಸಿರಿಗೆ ಹಾರುವಷ್ಟು ತೆಳುವಾಗುವ ತನಕ ಬಿಡಿಸುತ್ತ ಕೂತರೆ ಅನ್ನ ನೀರು ಬೇಡ. ಬಿಲ್ಲೆಯನ್ನು ಸುತ್ತಿನ ಡಬ್ಬಿಗೆ ತಾಗದಂತೆ ಹಿಡಿಯಲು ಎಬೊನೈಟಿನ ತೊಟ್ಟಿಲು, ಹಳೆಯ ಫೌಂಟನ್ ಪೆನ್ನು ಮಾಡುವ ಅದೇ ಕರಿ ಸರಕು. ಡಬ್ಬಿಯಾಗಿ ಒಂದು ಹಳೆಯ ಹಿತ್ತಾಳೆ ಟಾರ್ಚಿನ ಕೊಳವೆ. ತಲೆಯ ಮೇಲಿನ ಜಾಲರಿಗೆ ಚಹಾ ಸೋಸುವ ಎರಡು ಜರಡಿಗಳನ್ನು ಬಾಯಿಗೆ ಬಾಯಿ ಸೇರಿಸಿ ಬೆಸೆದೆವು. ಅದರಲ್ಲಿ ಒಂದು ಅಡುಗೆಮನೆಯದು. "ನನ್ನ ಚಾ ಜರಡಿ ಎಲ್ಲಿ?" ಎಂದು ಅತ್ತೆ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಇನ್ನುಳಿದದ್ದು ಹಾಳೆ. ಅಯ್ಯೋ, ಆ ಹಾಳೆ! ಮೊದಲು ಹಳೆಯ ರೇಡಿಯೋದಲ್ಲಿರುವ ಕಂಡೆನ್ಸರ್ ಎಂಬ ಬಿಡಿಭಾಗದೊಳಗಿನ ಅಲ್ಯುಮಿನಿಯಂ ತಗಡು ತೆಗೆದು ಎಳೆದೆವು. ಹಾಲಿನ ಕೆನೆಯ ಹಾಗೆ ಹರಿಯಿತು. ಮತ್ತೆ ಎಳೆದೆವು, ಸುಕ್ಕುಗಟ್ಟಿತು. ವಿದೇಶಿ ರೇಡಿಯೋ ಒಂದರ ದೊಡ್ಡ ಕಂಡೆನ್ಸರು ಬಿಚ್ಚಿದಾಗ ಅದರೊಳಗೆ ಪಾಲಿಯೆಸ್ಟರ್ ಹಾಳೆ ಸಿಕ್ಕಿತು. ಗಾಜಿನ ಹಾಗೆ ತಿಳಿ, ಎಳೆದರೆ ಬಗ್ಗದ ಗಟ್ಟಿತನ. ಆದರೆ ಅದರಲ್ಲಿ ಕರೆಂಟು ಹರಿಯುವುದಿಲ್ಲ, ಮೇಲೆ ಲೋಹ ಬೇಕು. ಬೊಂಬಾಯಿಯಲ್ಲಿ ನೋಡಿದ್ದಕ್ಕೆ ಚಿನ್ನದ ಲೇಪ ಇತ್ತಂತೆ. ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸುತ್ತಾರಂತೆ. "ಇನ್ನ ನಮ್ಮ ಕೈಲಿ ಆಗಲ್ಲ ಬಿಡು," ಎಂದರು ನನ್ನ ಗಂಡ. ತಾಳ್ಮೆಯ ಮನುಷ್ಯ ಕೈಚೆಲ್ಲಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗಲೇ ಆಷಾಢ ಹತ್ತಿರ ಬಂದಿತ್ತು.

ಆ ವಾರದಲ್ಲೇ ಪಕ್ಕದ ಮನೆಯಲ್ಲಿ ತೊಟ್ಟಿಲ ಕಾರ್ಯ. ತಟ್ಟೆಯಲ್ಲಿ ಬರ್ಫಿ ಕೊಟ್ಟರು. ಬಾಯಿಯ ಹತ್ತಿರ ಒಯ್ದಾಗ ಅದರ ಮೇಲಿದ್ದ ಬೆಳ್ಳಿ ರೇಕಿನ ಒಂದು ತುದಿ ನನ್ನ ಉಸಿರಿಗೆ ಎದ್ದು ನಡುಗಿತು. ನಾನು ಉಸಿರು ನಿಲ್ಲಿಸಿದೆ, ಅದೂ ನಿಂತಿತು. ಬಿಟ್ಟೆ, ಮತ್ತೆ ನಡುಗಿತು. ಬರ್ಫಿಯನ್ನು ತಿನ್ನದೆ ಅಂಗೈಯಲ್ಲಿ ಹಿಡಿದು, ಕೂತವರ ಕಾಲು ದಾಟಿಕೊಂಡು ಮನೆಗೆ ಓಡಿದೆ. ಬಸುರಿನ ಬಯಕೆ ಇರಬೇಕೆಂದು ತಪ್ಪು ತಿಳಿದು ಹಿಂದೆ ಯಾರೋ ನಕ್ಕರು. ನನ್ನ ಗಂಡ ಮೀಟರಿನ ಎರಡು ಕಡ್ಡಿಗಳನ್ನು ಬರ್ಫಿಯ ಮೇಲೆ ಇಟ್ಟರು. ಮುಳ್ಳು ಸರ್ರನೆ ಆ ಕಡೆಗೆ ಹೊರಳಿತು.

"ಮೈಕಿಗೆ ಮಿಠಾಯಿ ಹಾಳೆನಾ?" ಎಂದರು.

"ಮುಳ್ಳು ಏನಂತೈತೆ ನೋಡ್ರಿ, ಆಮ್ಯಾಲೆ ಮಾತಾಡ್ರಿ."

ಬಜಾರಿನಲ್ಲಿ ಅದನ್ನು ವರಖ್ ಎನ್ನುತ್ತಾರೆ. ಬೆಳ್ಳಿಯನ್ನು ಪುಸ್ತಕದ ಹಾಗೆ ಜೋಡಿಸಿದ ಚರ್ಮದ ಹಾಳೆಗಳ ನಡುವೆ ಇಟ್ಟು, ದಿನವೆಲ್ಲ ಸುತ್ತಿಗೆಯಲ್ಲಿ ಬಡಿದು ಮಾಡಿದ್ದು. ಕೈಯಿಂದ ಮುಟ್ಟಿದರೆ ಬೆರಳಿಗೇ ಅಂಟಿ ಮಾಯವಾಗುತ್ತದೆ. ಬಡಗಿಗಳು ಮೇಜಿಗೆ ಬಳಿಯುವ ಅರಗಿನ ಪಾಲಿಶನ್ನು ಸ್ಪಿರಿಟ್ಟಿನಲ್ಲಿ ನೀರಾಗಿಸಿ, ಹಾಳೆಯ ಮೇಲೆ ಒರೆಸಿದೆವೋ ಇಲ್ಲವೋ ಎನ್ನುವಷ್ಟು ಒರೆಸಿ, ಅದು ಇನ್ನೇನು ಆರುತ್ತದೆ ಎನ್ನುವಾಗ ರೇಕನ್ನು ಇಳಿಬಿಡಬೇಕು. ಕಿಟಕಿ ಬಾಗಿಲು ಮುಚ್ಚಿ, ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದ್ದೇವೆ, ರೇಕು ಇಳಿಯುತ್ತಿದೆ, ಅಷ್ಟರಲ್ಲಿ ಅತ್ತೆ ಧಡಾರನೆ ಬಾಗಿಲು ತೆರೆದರು. "ಹಗಲೊತ್ನಾಗ ಬಾಗ್ಲು ಹಾಕ್ಕೊಂಡು ಏನು ಮಾಡಾಕತ್ತೀರಿ?" ರೇಕು ಹಾರಿ ಹೋಗಿ ಅವರ ಬೈತಲೆಯ ಮೇಲೆ ಕೂತಿತು. ಬೆಳ್ಳಿಯ ಕೂದಲಿನ ಅತ್ತೆಯನ್ನು ನೋಡಿ ನನ್ನ ಗಂಡ ನೆಲಕ್ಕೆ ಕುಸಿದು ನಕ್ಕರು. ನನಗೆ ನಗು ಬರಲಿಲ್ಲ, ಇದ್ದ ಒಳ್ಳೆಯ ರೇಕು ಅದೊಂದೇ ಆಗಿತ್ತು. ಮತ್ತೆ ಬಜಾರಿನಿಂದ ತಂದು, ಬಾಗಿಲಿಗೆ ಅಗುಳಿ ಹಾಕಿ ಅಂಟಿಸಿದೆವು.

ಎಳೆಯುವ ಕೆಲಸ ನನ್ನದು. ನಾನು ಕಸೂತಿ ಹಾಕುತ್ತಿದ್ದೆ, ಬಟ್ಟೆ ಬಿಗಿಯಲು ಒಂದರೊಳಗೊಂದು ಕೂರುವ ಮರದ ರಿಂಗು ನನ್ನ ಬಳಿ ಇತ್ತು. ಒಳರಿಂಗಿಗೆ ಹಳೆಯ ರೇಷ್ಮೆಯ ಪಟ್ಟಿ ಸುತ್ತಿ, ಹಾಳೆಯನ್ನು ಹಾಸಿ, ಹೊರರಿಂಗು ಒತ್ತಿ, ಸುತ್ತಲೂ ಚೂರು ಚೂರೇ ಎಳೆಯುತ್ತ ಹೋದೆ. ಎಳೆದು ಎಳೆದು ಉಗುರಿನಿಂದ ಮೀಟಿದರೆ ಸಣ್ಣಗೆ ಟಿಣ್ ಎನ್ನಬೇಕು. ಆ ಬಿಗಿಯಲ್ಲೇ ಹಿತ್ತಾಳೆಯ ಉಂಗುರವನ್ನು ಮೇಲಿಟ್ಟು, ಎದುರೆದುರಿನ ತಿರುಪುಗಳನ್ನು ಸರದಿಯಂತೆ ಬಿಗಿದು, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಬೇಕು. ಬೆಳ್ಳಿ ಹೊರಮೈಗೆ, ಪಾಲಿಯೆಸ್ಟರ್ ಬಿಲ್ಲೆಯ ಕಡೆಗೆ. ಹಿತ್ತಾಳೆ, ಅಭ್ರಕ, ಪಾಲಿಯೆಸ್ಟರ್, ಬೆಳ್ಳಿ! ಗಿರಣಿಗಳೂ ಮಂಡಿಗಳೂ ತುಂಬಿದ ಊರಿನಲ್ಲಿ, ರಿಪೇರಿ ಅಂಗಡಿಯ ಕಸದಿಂದ, ಮಿಠಾಯಿಯ ಅಲಂಕಾರದಿಂದ ಒಂದು ಕಿವಿ ಹುಟ್ಟಿತ್ತು. ನನಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ, ಅತ್ತೆ ಹಿತ್ತಲಲ್ಲಿ ಇದ್ದರು.

ಮೈಕನ್ನು ನಡುಮನೆಯ ಮೂಲೆಯಲ್ಲಿಟ್ಟು, ಮುಂದಿನ ಅಂಗಡಿಯಲ್ಲಿ ಸ್ಪೀಕರಿಗೆ ಕಿವಿಗೊಟ್ಟೆವು. ವಾಲ್ವು ಕಾಯುವ ತನಕ ಏನೂ ಇಲ್ಲ. ಆಮೇಲೆ ಮನೆ ಬಂತು! ನಮ್ಮ ಮನೆಯನ್ನು ನಾನು ಅದೇ ಮೊದಲ ಸಲ ಕೇಳಿದೆ. ಗಡಿಯಾರದ ಒಳಗಿನ ಹಲ್ಲುಗಳು. ಒಲೆಯ ಮೇಲಿನ ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಸುಯ್ಯೆನ್ನುವುದು. ಗೋಡೆಯ ಮೇಲೆ ಹಲ್ಲಿಯ ಕಾಲು. ಅದರ ನಡುವೆ ಯಾರದೋ ಪಿಸುಮಾತು, "ಓಂ ನಮಃ ಶಿವಾಯ, ಓಂ ನಮಃ ಶಿವಾಯ." ದೇವರಕೋಣೆಯಲ್ಲಿ ಅತ್ತೆ ತುಟಿ ಮಾತ್ರ ಆಡಿಸುತ್ತ ಜಪ ಮಾಡುತ್ತಿದ್ದರು! ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. ಹಾಲು ಉಕ್ಕಿ ಒಲೆಯ ಪಾಲಾಯಿತು. ಅದು ಉಕ್ಕಿದ್ದನ್ನೂ ನಿಂತಲ್ಲೇ ನಿಂತು ಕೇಳಿದೆವು.

ಅತ್ತೆಯನ್ನು ಮೈಕಿನ ಮುಂದೆ ಕೂರಿಸಿ, ಅವರ ಜಪವನ್ನು ಅವರಿಗೇ ಸ್ಪೀಕರಿನಲ್ಲಿ ಕೇಳಿಸಿದಾಗ ಅವರ ಕಣ್ಣು ತುಂಬಿತು. "ನನ್ನ ಬಾಯಾಗಿಂದ ಹೊರಗ ಬರದ್ದು ಇದಕ್ಕ ಹೆಂಗ ತಿಳೀತು? ಇದು ಮಿಷನ್ ಅಲ್ಲವ್ವ, ಶಿವನ ಕಿವಿ." ಅವತ್ತಿನಿಂದ ಚಹಾ ಜರಡಿಯ ಮಾತು ಎತ್ತಲಿಲ್ಲ.

ಅವ್ವನಿಗೆ ಒಂದು ಸಲ ಹಾಡಿ ನೋಡು ಎಂದರೆ ಒಪ್ಪಲಿಲ್ಲ. "ಅಲ್ಲೇ ನೋಡಾನ," ಎಂದಳು. ಇನ್ನೊಮ್ಮೆ ಸೋಲುವುದಾದರೆ ಒಂದೇ ಸಲ ಸೋಲುತ್ತೇನೆ ಎನ್ನುವುದು ಅವಳ ಲೆಕ್ಕ. ನನಗೆ ಅರ್ಥವಾಯಿತು, ಆದ್ದರಿಂದಲೇ ಇನ್ನೊಂದು ಹಾಳೆಗೂ ರೇಕು ಅಂಟಿಸಿ, ರಿಂಗಿನಲ್ಲಿ ಬಿಗಿದು, ಧೂಳು ಬೀಳದಂತೆ ಎರಡು ಬೋಗುಣಿಗಳ ನಡುವೆ ಮುಚ್ಚಿ ಜೊತೆಗೆ ಇಟ್ಟುಕೊಂಡೆ. "ಎರಡನೇದು ಯಾಕ?" ಎಂದು ಗಂಡ ಕೇಳಿದರು. ನಾನು ಯಾರನ್ನೂ ಪೂರ್ತಿ ನಂಬುವವಳಲ್ಲ, ನನ್ನ ಕೈಯನ್ನೂ ಸೇರಿಸಿ.

ಶ್ರಾವಣದ ಮೊದಲ ಸೋಮವಾರ ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ ಹರಿಹರ ಸೇರಿದೆವು. ಅತ್ತೆಯೂ ಬಂದಿದ್ದರು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮತ್ತೆ ಸಿಳ್ಳೆ ಹೊಡೆಯದಿರಲೆಂದು ನನ್ನ ತಮ್ಮ ಹಾರ್ನನ್ನು ಸಭೆಯ ಹಿಂಬದಿಗೆ, ಮಠದ ಹೊರಗಿನ ಬೇವಿನ ಮರಕ್ಕೆ ಕಟ್ಟಿದ. ನನ್ನ ಗಂಡ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಆಂಪ್ಲಿಫೈಯರ್ ಹಾಕಿದರು. ವಾಲ್ವು ಕಾಯಿತು.

ಚಟಪಟ ಚಟಪಟ ಚಟ್. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ನಡುನಡುವೆ ದಪ್ಪನೆ ಒಂದು ಗುದ್ದು. ಹಾಲಿನ ಸುಯ್ಯೆನ್ನುವುದನ್ನು ಕೇಳಿದ್ದ ಕಿವಿಗೆ ಈಗ ಎದುರಿನ ಮಾತೂ ಕೇಳುತ್ತಿಲ್ಲ.

ಪಕ್ಕದ ಕೋಣೆಗೆ ಒಯ್ದು ಬಿಚ್ಚಿದೆವು. ಬೆಳ್ಳಿಯ ಮೇಲೆ, ಅಂಚಿನಲ್ಲಿ, ಎಬೊನೈಟಿನ ತೊಟ್ಟಿಲ ಸುತ್ತ, ಬಿಲ್ಲೆಯ ತೂತುಗಳಲ್ಲಿ, ಎಲ್ಲೆಲ್ಲೂ ನುಣ್ಣನೆಯ ಬಿಳಿಬೂದು ಪುಡಿ. ಹೊಳೆದಂಡೆಯ ತೇವಕ್ಕೆ ಅದು ಒದ್ದೆಯಾಗಿ, ನಿಂತಿರಬೇಕಾದ ಕರೆಂಟು ಅದರ ಮೇಲೆ ಹತ್ತಿ ಹರಿದುಹೋಗುತ್ತಿತ್ತು. ನನ್ನ ಗಂಡ ಬೆರಳಿನಿಂದ ಒರೆಸಿ ಮೂಗಿಗೆ ಹಿಡಿದರು. ಆಮೇಲೆ ತಮ್ಮ ತಾಯಿಯ ಮುಖ ನೋಡಿದರು.

"ಬೆಳಿಗ್ಗೆ ನಾನೇ ಹಚ್ಚಿದೆ," ಎಂದರು ಅತ್ತೆ. ದನಿ ಇಳಿದುಹೋಗಿತ್ತು. "ಮೊದಲ ಸಲ ಮನೆಯಿಂದ ಹೊರಗ ಹೊಂಟೈತೆ, ಬರೇ ಹಣೀಲೆ ಹೆಂಗ ಕಳಿಸೋದು ಅಂತ…"

ಜರಡಿಯ ಮೇಲೆ ಮೂರು ಬೆರಳು ಎಳೆದಿದ್ದರು. ವಿಭೂತಿ ಜರಡಿ ಹಿಡಿದ ಹಾಗೆ ಸೋಸಿಕೊಂಡು ಒಳಗೆ ಇಳಿದಿತ್ತು. ನನ್ನ ಬಾಯಿಗೆ ತಡೆ ಬೀಳಲಿಲ್ಲ.

"ಅತ್ತೀ, ಅದರ ಹಣಿ ಎಲ್ಲೈತೆ ಅಂತ ನೋಡಿ ಹಚ್ಚಿದ್ರಿ? ಅದು ಬರೇ ಕಿವಿ! ನಿಮ್ಮ ಕಿವಿಯಾಗ ಒಂದು ಮುಷ್ಟಿ ಬೂದಿ ಹಾಕಿದ್ರ ಕೇಳ್ತೈತಾ ನಿಮಗ?"

ಬಾಗಿಲ ಬಳಿ ಅವ್ವ ನಿಂತಿದ್ದಳು, ಹೊಸ ಇಳಕಲ್ ಸೀರೆ ಉಟ್ಟು. "ಬಿಡವ್ವ ಮಗಳೇ. ಬೀಗ್ತೀರು ಒಳ್ಳೇದಕ್ಕೇ ಮಾಡ್ಯಾರ. ನನಗ ಇಷ್ಟೇ ಬರೆದಿತ್ತು," ಎಂದಳು. ಅದೇ ಹೊತ್ತಿಗೆ ಕೂಟದ ಹಿರಿಯರೊಬ್ಬರು ಬಂದು, ತೊಂದರೆ ಇದ್ದರೆ ಈ ಸಲ ಬೇರೆಯವರಿಂದ ಶುರು ಮಾಡಿಸೋಣವೇ ಎಂದು ಮೆಲ್ಲಗೆ ಕೇಳಿದರು. ಅವ್ವ ಹೂಂ ಎನ್ನಲು ಬಾಯಿ ತೆರೆಯುತ್ತಿದ್ದಳು. "ದೀಪ ಹಚ್ಚೋತನಕ ಟೈಮು ಐತೆ ಅಲ್ರೀ? ಅಲ್ಲೀತನಕ ಆ ಜಾಗ ನಮ್ಮವ್ವಂದು," ಎಂದೆ ನಾನು. ಅವರು ನನ್ನ ಮುಖ ನೋಡಿ, ಬೇಗ ಬೇಗ ಹೊರಗೆ ಹೋದರು.

ಕೊಳೆಯಾದ ಹಾಳೆಯನ್ನು ಕಿತ್ತೆಸೆದೆವು. ಒರೆಸಿದರೆ ರೇಕೇ ಎದ್ದು ಬರುತ್ತದೆ, ಅದು ಮುಗಿದ ಕಥೆ. ನನ್ನ ಗಂಡ ಬಿಲ್ಲೆಯ ಒಂದೊಂದು ತೂತಿಗೂ ಸ್ಪಿರಿಟ್ಟಿನ ಹತ್ತಿ ತೂರಿಸಿ ತೆಗೆದರು, ನನ್ನ ತಮ್ಮ ಎಬೊನೈಟನ್ನು ತೊಳೆದ. ತೊಳೆದದ್ದು ಆರಲಿಲ್ಲ. ಗಾಳಿಯೇ ಒದ್ದೆ, ಗೋಡೆಯೇ ಒದ್ದೆ. ಒರೆಸಿದಷ್ಟೂ ಮೇಲೆ ಮಂಜು ಕೂರುತ್ತಿತ್ತು. ಈ ತೇವದಲ್ಲಿ ಜೋಡಿಸಿದರೆ ಮತ್ತೆ ಅದೇ ಚಟಪಟ. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅತ್ತೆ ಎದ್ದು ಹೋದರು. ಮುನಿಸಿಕೊಂಡು ಹೋದರೆಂದುಕೊಂಡೆ. ಅವರು ಮಠದ ದಾಸೋಹದ ಅಡುಗೆಮನೆಯಿಂದ ಒಂದು ಬಾಣಲೆಯ ತುಂಬ ಬೂದಿ ಮುಚ್ಚಿದ ಕೆಂಡ, ಅದರ ಮೇಲೆ ಕವುಚಲು ಒಂದು ಬಿದಿರಿನ ಬುಟ್ಟಿ ಹಿಡಿದು ಬಂದರು.

"ಶ್ರಾವಣದಾಗ ಹಪ್ಪಳ ಹೆಂಗ ಗರಿಗರಿ ಇಡ್ತೀನಿ ನಾನು? ಇದರ ಮ್ಯಾಲೆ ಇಡ್ರಿ. ಬಿಸಿ ತಾಗಬೇಕು, ಬೆಂಕಿ ತಾಗಬಾರ್ದು."

ಬುಟ್ಟಿಯ ಬೆನ್ನ ಮೇಲೆ ಬಿಳಿ ಬಟ್ಟೆ ಹಾಸಿ ಬಿಲ್ಲೆ, ತೊಟ್ಟಿಲು, ಅಭ್ರಕದ ಬಳೆ ಎಲ್ಲವನ್ನೂ ಸಾಲಾಗಿ ಇಟ್ಟರು. ಬೂದಿ ಏಳದಂತೆ ಸೆರಗು ಬಿಗಿದುಕೊಂಡು, ಅಲುಗದೆ ಕೂತರು. ಬಿಲ್ಲೆಯ ಮೇಲಿನ ಮಂಜು ಅಂಚಿನಿಂದ ಕರಗುತ್ತ ಬಂದು ಹಿತ್ತಾಳೆ ಹಳದಿಯಾಗಿ ಹೊಳೆಯಿತು. ನಾನು ಬೋಗುಣಿ ತೆರೆದು ರಿಂಗು ಎತ್ತಿದೆ. ಉಗುರಿನಿಂದ ಮೀಟಿದೆ. ಟಿಣ್! ಬಿಗಿ ಹಾಗೇ ಇತ್ತು. ಹೊರಗೆ ದೀಪದ ಕಂಬಕ್ಕೆ ಎಣ್ಣೆ ಹುಯ್ಯುತ್ತಿದ್ದರು. ಬೆಚ್ಚಗಿನ ಬಿಲ್ಲೆಯ ಮೇಲೆ ಅಭ್ರಕ, ಅದರ ಮೇಲೆ ಹಾಳೆ, ಅದರ ಮೇಲೆ ಉಂಗುರ. ಎದುರೆದುರು ತಿರುಪು, ಒಂದಿಷ್ಟು ಇದು, ಒಂದಿಷ್ಟು ಅದು. ಆತುರಗೇಡಿ ನಾನು, ಆ ಹೊತ್ತು ನನ್ನ ಗಂಡನಿಗಿಂತ ನಿಧಾನವಾಗಿದ್ದೆ. ಬ್ಲೇಡು ಸುತ್ತು ಹಾಕಿ ಬಂತು. ಜರಡಿಗಳನ್ನು ತೊಳೆದು, ಕಾಯಿಸಿ, ಮುಚ್ಚಿದೆವು. ವಾಲ್ವು ಕಾಯಿತು. ಚಟಪಟ ಇಲ್ಲ. ಗುದ್ದು ಇಲ್ಲ. ಬೇವಿನ ಮರದ ಹಾರ್ನಿನಿಂದ ಕೆಂಡದೊಳಗಿನ ಸಣ್ಣ ಸಿಡಿತ ಕೇಳಿಸಿತು, ಮಳೆಯ ಹನಿ ಕೇಳಿಸಿತು. ನಾನು ಅತ್ತೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಅದಕ್ಕೆ ಮೊದಲು ನಾನು ಹಾಗೆ ಮಾಡಿದವಳಲ್ಲ.

ಅವರು ಕೈ ಬಿಡಿಸಿಕೊಂಡು, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ನಾವು ಮೂವರೂ ಮೈಕಿಗೆ ಅಡ್ಡ ನಿಂತೆವು. ಅವರು ಮೈಕಿನ ಹತ್ತಿರವೂ ಹೋಗದೆ, ಅವ್ವನ ಮುಂದೆ ನಿಂತು, ಅವಳ ಹಣೆಗೆ ಮೂರು ಬೆರಳು ಎಳೆದರು.

"ಹಣಿ ಇಲ್ಲೈತೆ," ಎಂದರು ನನ್ನ ಕಡೆ ನೋಡಿ. "ನಡೀರಿ ಬೀಗ್ತಿ, ದೀಪ ಹಚ್ಚಿದ್ರು."

ಅವ್ವ ತನ್ನ ಜಾಗದಲ್ಲಿ ಕೂತಳು. ಮೈಕು ಅವಳ ಬಾಯಿಗೆ ತಗುಲಿರಲಿಲ್ಲ, ತೋಳು ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು. ಅಷ್ಟು ದೂರ ಕಂಡು ಅವಳ ಮುಖ ಬಿಳಿಚಿಕೊಂಡಿತು. ಸಭೆ ಹಿಂದಿನ ಗೋಡೆಯ ತನಕ ತುಂಬಿತ್ತು. ಕೆಳಗೆ ಚಾಪೆ ಸರಿಮಾಡುತ್ತಿದ್ದ ನನ್ನ ಕಡೆಗೆ ಬಗ್ಗಿ, ಕಿವಿಯಲ್ಲಿ ಹೇಳುವ ಹಾಗೆ ಅವಳು ಪಿಸುಗುಟ್ಟಿದಳು.

"ಮಗಳೇ, ಹೆದರಿಕಿ ಆಗ್ತೈತೆ. ಈ ಸಲಾನೂ ಯಾರಿಗೂ ಕೇಳಿಸ್ಲಿಲ್ಲ ಅಂದ್ರ?"

ಹಿಂದಿನ ಸಾಲಿನಿಂದ ಒಬ್ಬ ಗಂಡಸಿನ ದನಿ ಬಂತು. ಹೋದ ವರ್ಷದ ಅದೇ ದನಿ. "ಕೇಳಿಸ್ತೈತೆ ಅವ್ವಾ! ಹಾಡ್ರಿ!"

ಅವ್ವ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಕೊರಳ ರುದ್ರಾಕ್ಷಿ ಮಣಿಗಳು ಒಂದಕ್ಕೊಂದು ತಾಗಿದ ಸದ್ದು ಬೇವಿನ ಮರದಿಂದ ಕೇಳಿಸಿತು. ಆ ಸದ್ದಿಗೆ ಸಭೆಗೆ ಸಭೆಯೇ, ಗಂಡಸರು ಹೆಂಗಸರು ಎಲ್ಲ, "ಕೇಳಿಸ್ತೈತೆ, ಕೇಳಿಸ್ತೈತೆ" ಎಂದರು. ಅವ್ವ ಮೈಕನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ನಗು ಬಂತು, ಆ ನಗುವೂ ಹೊಳೆಯ ತನಕ ಹೋಯಿತು. ಆಮೇಲೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆ ಉಸಿರು ಎಲ್ಲರಿಗೂ ಕೇಳಿತು.

ಬೀಸುವ ಕಲ್ಲಿನ ಮುಂದೆ ಒಬ್ಬಳೇ ಕೂತಾಗ ಹಾಡಿಕೊಳ್ಳುತ್ತಿದ್ದ ದನಿಯಲ್ಲೇ ಅವಳು ಮೊದಲ ಪದ ಎತ್ತಿದಳು, ಮುಗಿಯುವ ತನಕ ಒಮ್ಮೆಯೂ ಗಂಟಲು ಏರಿಸಲಿಲ್ಲ.